ಹಾರ್ನಿಗೆ ಹೊಟ್ಟಿಲ್ಲ

ಇಪ್ಪತ್ತೆರಡು ವರ್ಷ ಆತು,
ಆಟೋದ ತಲಿಮ್ಯಾಲ ಎರಡು ಹಾರ್ನು ಕಟ್ಟಿಕೊಂಡು
ರಾಯಚೂರಿನ ಓಣಿ ಓಣಿ ಒದರೀನಿ.
ನಾಳಿ ನಳ ಬರೂದಿಲ್ಲ, ಕೊಡ ತುಂಬಿಸಿಡ್ರಿ.
ಗಂಜಿನ್ಯಾಗ ಇವತ್ತು ಹತ್ತಿ ಸವಾಲಿಲ್ಲ.
ಸೀರಿ ಒಂದಕ್ಕ ಒಂದು ಪುಕ್ಕಟ.
ಇಂಥಾ ಓಣಿಯ ಇಂಥವರು ತೀರಿಕೊಂಡಾರ,
ಮಣ್ಣು ನಾಲ್ಕಕ್ಕ.
ಸತ್ತವರ ಹೆಸರಿಗೆ ದನಿ ಇಳಿಸಬೇಕು,
ಸೀರಿಗೆ ಏರಿಸಬೇಕು.
ನನಗ ಗೊತ್ತಿದ್ದ ಸಂಗೀತ ಇಷ್ಟ.

ಆ ಹುಡುಗುರು ಬಂದದ್ದು ಮಂಗಳವಾರ.
ಮೋಟಾರ್ ವೈಂಡಿಂಗ್ ಅಂಗಡಿಯ ಯಂಕೋಬ,
ಶಕ್ತಿನಗರದಾಗ ಕಲ್ಲಿದ್ದಲು ವ್ಯಾಗನ್ ಎಣಿಸೋ ತಾಯಪ್ಪ,
ನರ್ಸಿಂಗ್ ಕೋಟು ಮಡಚಿ ಚೀಲದಾಗಿಟ್ಟ ಫರ್ಜಾನ.
"ಕಾಕಾ, ಐತ್ವಾರ ಸಂಜಿಕ ಆರಕ್ಕ
ಮುಚ್ಚಿದ ಜಿನ್ನಿನ ಗೋದಾಮಿನ್ಯಾಗ ನಮ್ಮ ಹಾಡು.
ತಂಡದ ಹೆಸರು ಹತ್ತಿಬೀಜ. ಟಿಕೀಟು ಐವತ್ತು."
ಸಿನಿಮಾದ್ದೇನ್ರಪಾ?
"ಅಲ್ಲ, ನಾವ ಕಟ್ಟಿದ್ದು."
ದೇವರದ್ದ? ಮದುವಿದ್ದ? ಎಲೆಕ್ಷನ್ನಿಂದ?
ಎಲ್ಲಾಕ್ಕೂ ಅಲ್ಲ ಅಂದ್ರ
ನಾ ಯಾವ ದನಿಲೆ ಒದರಲಿ?

ಯಂಕೋಬ ಗಿಟಾರಿನ ಹೊಟ್ಟಿ ಬಿಚ್ಚಿ ತೋರಿಸಿದ.
ತಂತಿ ಕೆಳಗ ಒಂದು ಸುರುಳಿ,
ಹಳೇ ರಿಲೇದಾಗಿನ ಕೂದಲೆಳಿಯಂಥಾ ತಾಮ್ರ,
ತಾನ ಸುತ್ತಿದ್ದು, ಆರು ಸಾವಿರ ಸುತ್ತು.
ಎಣಿಸಿಯೇನು ಅಂದೆ.
"ಎರಡು ಸಲ ತಪ್ಪಿತು ಕಾಕಾ,
ಮೂರನೇ ಸಲ ಅವ್ವ ಕುಂತು ಎಣಿಸಿದಳು."
ಆ ಮಾತಿಗೆ ನೂರು ರೂಪಾಯಿ ಇಳಿಸಿದೆ.

ಮೊದಲನೇ ದಿನ ರೂಢಿಲೆ ದನಿ ಇಳಿಸಿ ಒದರಿದೆ.
ಮಂಗಳವಾರ ಪೇಟ್ಯಾಗ ಒಬ್ಬಾಕಿ ಮುದುಕಿ
ಎದಿ ಹಿಡಕೊಂಡು ಹೊರಗ ಬಂದಳು:
"ಯಾರು ಹೋದ್ರೋ ಯಪ್ಪಾ?"
ಎರಡನೇ ದಿನ ಸೀರಿ ದನಿ.
ಗಂಜಿನ್ಯಾಗ ನಾಕು ಮಂದಿ ಆಟೋ ತಡದು
ಹತ್ತಿಬೀಜ ಕ್ವಿಂಟಲಿಗೆ ಎಷ್ಟು ಅಂದ್ರು.
ಮೂರನೇ ದಿನ ಸಾಕಾಗಿ, ಮನಿಯಾಗ ಮಾತಾಡಿದಂಗ ಅಂದೆ:
ನಮ್ಮೂರ ಹುಡುಗುರು. ಹೊಸಾ ಹಾಡು.
ಬಂದು ಕೇಳ್ರಿ. ಹಿಡಿಸದಿದ್ದರ ಹೊಳ್ಳಿ ಹೋಗ್ರಿ.

ಐತ್ವಾರ ನಲವತ್ತೊಂದು ಮಂದಿ.
ತೊಲಿಯಾಗ ಇನ್ನೂ ಅರಳಿ ಜೋತಿತ್ತು, ಹಳೇ ಹಂಗಾಮಿಂದು.
ಮೂರನೇ ಹಾಡಿಗೆ ಕರೆಂಟ್ ಹೋತು.
"ನಾ ಎಣಿಸಿದ ಕಲ್ಲಿದ್ದಲೆಲ್ಲಾ ಯಾರ ಮನಿಗೆ ಹೋತೋ"
ಅಂತ ತಾಯಪ್ಪ ಕತ್ತಲದಾಗ ನಕ್ಕ.
ಮಂದಿ ಮೊಬೈಲ್ ದೀಪ ಹಚ್ಚಿ ಚಪ್ಪಲಿ ಹುಡುಕಾಕ ಹತ್ತಿದ್ರು.

ನಾ ಆಟೋನ್ನ ರಿವರ್ಸಿನ್ಯಾಗ ಒಳಗ ತಂದೆ.
ಹನ್ನೆರಡು ವೋಲ್ಟಿನ ಬ್ಯಾಟ್ರಿ, ನನ್ನ ಉಗುಳು ಬಡದ ಮೈಕು.
ಫರ್ಜಾನ ದುಪಟ್ಟಾದ ತುದಿಲೆ ಒರಸಿಕೊಂಡಳು.
ಹಾರ್ನಿಗೆ ಹೊಟ್ಟಿಲ್ಲ ನೋಡ್ರಿ, ಬರೇ ಮೂಗು.
ಗಿಟಾರು ಸೊಳ್ಳಿ ಆತು.
ತಾಯಪ್ಪ ಡ್ರಮ್ಮು ಬಿಟ್ಟು
ಹಿಂದಿನ ಸೀಟಿನ ತಗಡು ಬಡದು ಹೊಟ್ಟಿ ಕೂಡಿಸಿದ.

ಆಕಿ ಹಾಡಿದ್ದು ರಾತ್ರಿ ಪಾಳಿಯ ಹಾಡು.
ಎಂಟನೇ ಮಂಚದ ಮುದುಕ
ನಿದ್ದಿಗಣ್ಣಿನ್ಯಾಗ ಎತ್ತು ಕರಿತಿದ್ನಂತ,
ಈಕಿ "ಬಂದ್ವು ಅಜ್ಜಾ, ನೀರು ಕುಡ್ಯಾಕತ್ಯಾವ" ಅಂತಿದ್ದಳಂತ.
ಕಡೀ ಸಾಲಿನ್ಯಾಗ ಅವನ ಹೆಸರು.
ಹ್ವಾದ ತಿಂಗಳು ಇದ ಹಾರ್ನಿನ್ಯಾಗ
ನಾನ ಒದರಿದ ಹೆಸರು.
ಮಣ್ಣು ನಾಲ್ಕಕ್ಕ ಅಂದಿದ್ದೆ.
ಎತ್ತಿನ ಸುದ್ದಿ ನನಗ್ಯಾರೂ ಹೇಳಿರಲಿಲ್ಲ.

ಚಪ್ಪಲಿ ಹುಡುಕೋರು ಬರಿಗಾಲಿಲೆ ನಿಂತಿದ್ರು.

ಮುಗಿಯೂದ್ರಾಗ ಬ್ಯಾಟ್ರಿ ಸತ್ತಿತ್ತು.
ಗೋದಾಮಿನ ಬಾಡಿಗಿ ಕೊಟ್ಟು ಐನೂರ ಐವತ್ತು ಉಳಿತು,
ನನ್ನ ಬಾಕಿ ಅಂತ ಕೈಯಾಗಿಟ್ರು;
ಬ್ಯಾಟ್ರಿ ನೀರಿಗೆ ಇಪ್ಪತ್ತು ತಗೊಂಡು ಹೊಳ್ಳಿ ಕೊಟ್ಟೆ.
ಎಲ್ಲಾರೂ ಆಟೋ ನೂಕಿಕೋತ ತೀನ್ ಕಂದೀಲ್ ಮುಟ್ಟಿದ್ವಿ.
ಮುಂದಿಂದು ಯಾವಾಗ ಅಂದೆ.
"ಬರೋ ತಿಂಗಳ ಎರಡನೇ ಐತ್ವಾರ, ಕಾಕಾ."
ಪಾನ್ ಅಂಗಡಿ ಮುಂದ ನಿಂತು
ಹಾರ್ನಿಲ್ಲದ, ಬರೇ ಗಂಟಲಿಲೆ ಒದರಿದೆ.

ಯಾವ ದನಿಲೆ ಅಂತ ನೆನಪಿಲ್ಲ.